ತೊಟ್ಟಿಲ ಲೆಕ್ಕವೂ ತಾಯಿಯ ವಯಸ್ಸೂ

ಕಾಗಿಣಾ ನದಿಯ ದಂಡೆಯ ದಂಡೋತಿಯು ಚಿತ್ತಾಪುರ ತಾಲೂಕಿನ ಊರು. ತೊಗರಿಯ ಹೊಲಗಳ ಸೀಮೆಯಿದು. ಶಹಾಬಾದದ ಕಲ್ಲುಗಣಿಗಳೂ ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳೂ ದೂರವಲ್ಲ. ಇಲ್ಲಿನ ಮುದುಕಿಯರನ್ನು ಮಕ್ಕಳೆಷ್ಟೆಂದು ಕೇಳಿದರೆ, "ಹಡದದ್ದು ಎಂಟು, ಉಳದದ್ದು ಐದು" ಎಂಬಂತಹ ಉತ್ತರ ಬರುವುದುಂಟು. ಮೊಮ್ಮಗಳ ತೊಟ್ಟಿಲಾದರೋ ಎರಡು ಸಲ ತೂಗಿ ಅಟ್ಟವನ್ನೇರುವುದು. ಮೂರೇ ತಲೆಮಾರುಗಳಲ್ಲಿ ಆದ ಈ ಮಾರ್ಪಾಟು ಗೃಹಸ್ಥರೆಲ್ಲರೂ ಯೋಚಿಸತಕ್ಕ ಸಂಗತಿಯಾಗಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಸ್ತ್ರೀಯೊಬ್ಬಳು ಹಡೆಯುವ ಮಕ್ಕಳ ಸರಾಸರಿ ೧೯೯೨-೯೩ರಲ್ಲಿ ೨.೮೫ ಇದ್ದುದು ೨೦೧೯-೨೦ರಲ್ಲಿ ೧.೭ಕ್ಕೆ ಇಳಿಯಿತು. ಜನಸಂಖ್ಯೆ ಕುಂದದೆ ನಿಲ್ಲಬೇಕಾದರೆ ಸುಮಾರು ೨.೧ ಬೇಕು. ಕಲಬುರಗಿಯ ಕಡೆಗೆ ಈ ಇಳಿತವು ದಕ್ಷಿಣದ ಜಿಲ್ಲೆಗಳಿಗಿಂತ ತಡವಾಗಿ ಬಂದಿತು. ಹುಟ್ಟಿದ ಕೂಸು ಬದುಕುವುದೆಂಬ ಭರವಸೆ, ಶಾಲೆಯ ಖರ್ಚು, ಪಾಲಾಗುತ್ತ ಕಿರಿದಾದ ಹೊಲ, ಇವೆಲ್ಲವೂ ಇದಕ್ಕೆ ಕಾರಣಗಳು.

ಪರದೇಶದ ಒಂದು ನಿದರ್ಶನವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಝೆಕ್ ನಾಡಿನಲ್ಲಿ ೧೯೮೯ರಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಮುಗಿಯಿತು. ಅದುವರೆಗೆ ಅಲ್ಲಿಯ ಹೆಣ್ಣುಮಕ್ಕಳು ಇಪ್ಪತ್ತೆರಡರ ಆಸುಪಾಸಿನಲ್ಲಿಯೇ ಚೊಚ್ಚಲ ತಾಯಿಯರಾಗುತ್ತಿದ್ದರು. ಆಮೇಲೆ ಉದ್ಯೋಗದ ನಿಶ್ಚಿಂತೆ ಹೋಯಿತು, ಮನೆ ದುಬಾರಿಯಾಯಿತು, ಓದಿನ ಹಾದಿ ಅಗಲವಾಯಿತು. ೧೯೯೯ರಲ್ಲಿ ಸರಾಸರಿ ೧.೧೩ಕ್ಕೆ ಕುಸಿಯಿತು. ಅದರೊಡನೆ ಚೊಚ್ಚಲ ಹೆರಿಗೆಯ ವಯಸ್ಸು ಕ್ರಮೇಣ ಇಪ್ಪತ್ತೆಂಟನ್ನು ದಾಟಿತು. ಕಷ್ಟದ ನಡುವೆಯೂ ಅಲ್ಲಿಯ ಹೆಣ್ಣಿಗೆ ಓದಿಗೂ ದುಡಿಮೆಗೂ ಆರು ವರ್ಷಗಳು ದೊರೆತವು.

ನಮ್ಮಲ್ಲಿ ತೊಟ್ಟಿಲ ಲೆಕ್ಕ ಇಳಿಯಿತಾದರೂ ತಾಯಿಯ ವಯಸ್ಸು ತಕ್ಕಷ್ಟು ಏರಲಿಲ್ಲ. ಹೆಣ್ಣಿನ ಮದುವೆಗೆ ಹದಿನೆಂಟು ತುಂಬಿರಬೇಕೆಂಬ ಕಾನೂನು ಬಂದುದು ೧೯೭೮ರಲ್ಲಿ. ಆದರೂ ೨೦೧೯-೨೦ರ ಸಮೀಕ್ಷೆಯಲ್ಲಿ, ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಕರ್ನಾಟಕದ ಸ್ತ್ರೀಯರಲ್ಲಿ ನೂರಕ್ಕೆ ಇಪ್ಪತ್ತೊಂದು ಮಂದಿಗೆ ಅದಕ್ಕೆ ಮೊದಲೇ ಮದುವೆಯಾಗಿತ್ತು. ಬೇಗನೆ ಮದುವೆ, ಬೆನ್ನುಬೆನ್ನಿಗೆ ಎರಡು ಬಾಣಂತನ, ಇಪ್ಪತ್ತೈದರ ಹೊತ್ತಿಗೆ ಶಸ್ತ್ರಕ್ರಿಯೆ: ಇದೇ ಎಷ್ಟೋ ಮನೆಗಳ ರೂಢಿ. ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಐವತ್ತೇಳು ಮಂದಿ ಆ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಮಾಡಿಸಿಕೊಂಡ ಗಂಡಸರು ನೂರಕ್ಕೆ ಒಬ್ಬರೂ ಇಲ್ಲ.

ಹಿಂದೆ ಹೀಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬-೭೭ರ ಒಂದೇ ವರ್ಷ, ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕಿ ಇಂತಹ ಶಸ್ತ್ರಕ್ರಿಯೆಗಳು ನಡೆದವು, ಬಹುಪಾಲು ಗಂಡಸರಿಗೇ. ಆಗಿನ ಬಲಾತ್ಕಾರದ ಭೀತಿಯಿಂದ ಗಂಡಸರು ಹಿಂಜರಿದರು. ಹೊರೆಯೆಲ್ಲ ಹೆಂಗಸರ ಮೇಲೆ ಬಿದ್ದಿತು. ವಾಸ್ತವವಾಗಿ ಗಂಡಸಿನ ಶಸ್ತ್ರಕ್ರಿಯೆಯು ಹೊಟ್ಟೆಯನ್ನು ಕೊಯ್ಯದೆ ಅಲ್ಪ ಕಾಲದಲ್ಲಿ ಮುಗಿಯತಕ್ಕದ್ದು. ಅದರಿಂದ ಪುರುಷತ್ವವೂ ಕುಂದದು, ದುಡಿಯುವ ಶಕ್ತಿಯೂ ಕುಂದದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಕ್ಕಳು ಎರಡೇ ಸಾಕೆಂದು ತೃಪ್ತರಾಗಿ ಕುಳಿತುಕೊಳ್ಳಬೇಡಿರಿ. ವರನನ್ನು ಹುಡುಕಹೊರಡುವ ಮುನ್ನ ಮಗಳ ಓದು ಎಲ್ಲಿಗೆ ಬಂದಿದೆಯೆಂದು ನೋಡಿರಿ. ಅವಳ ಮನಸ್ಸನ್ನೂ ಕೇಳಿರಿ. ಬಾಣಂತಿಯ ಮೈ ಚೇತರಿಸಿಕೊಳ್ಳಲು ಎರಡು ಹೆರಿಗೆಗಳ ನಡುವೆ ಮೂರು ವರ್ಷವಾದರೂ ಅಂತರವಿರಲಿ. ಸಾಕೆಂದು ನಿಶ್ಚಯಿಸುವ ಹೊತ್ತಿನಲ್ಲಿ ಗಂಡನೂ ಹೆಂಡತಿಯ ಜೊತೆಯಲ್ಲಿ ವೈದ್ಯರ ಬಳಿಗೆ ಹೋಗಲಿ. ಹಡೆಯುವ ಕಷ್ಟ ಅವಳೊಬ್ಬಳದೇ. ನಿಲ್ಲಿಸುವ ಕಷ್ಟದಲ್ಲಾದರೂ ಇಬ್ಬರಿಗೂ ಪಾಲಿರುವುದು ನ್ಯಾಯವಲ್ಲವೇ?