ಅಲಾರಂ ಒಳಗೆ ಬರೋದಲ್ಲ, ಒಳಗೇ ಉಳಿಯೋದು

ಕಳೆದ ವಾರ ನಾನು ಬರೆದ ಒಂದು ಅಲರ್ಟ್ ರಾತ್ರಿಯಿಡೀ ಎಲ್ಲರ ಫೋನ್ ಬಡಿಸಿತು. ಅದನ್ನು ಆರಿಸೋ ದಾರಿಯನ್ನೇ ನಾನು ಬರೆದಿರಲಿಲ್ಲ. ಬ್ರೆಡ್ ಉಬ್ಬಿಸೋ ಯೀಸ್ಟ್ ಈ ತಪ್ಪು ಮಾಡಲ್ಲ.

ಅದರಲ್ಲಿ ಯಾಪ್1 ಅನ್ನೋ ಪ್ರೋಟೀನ್ ಇದೆ. ಅದು ನ್ಯೂಕ್ಲಿಯಸ್ ಒಳಗೆ ಯಾವಾಗಲೂ ಹೋಗ್ತಾನೇ ಇರುತ್ತೆ. ಸಿಆರ್‌ಎಂ1 ಅನ್ನೋ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಹೊರಗೆ ಸಾಗಿಸುತ್ತೆ.

ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾದರೆ ಡಿಎನ್‌ಎಗೇ ಪೆಟ್ಟು. ಅದನ್ನು ಜಿಪಿಎಕ್ಸ್3 ಗುರುತಿಸುತ್ತೆ. ಅದರ ನೆರವಿನಿಂದ ಯಾಪ್1ನ 303 ಮತ್ತು 598ನೇ ಸ್ಥಾನದ ಸಿಸ್ಟೀನ್‌ಗಳ ನಡುವೆ ಗಂಧಕದ ಕೊಂಡಿ ಬೀಳುತ್ತೆ. ಸಿಆರ್‌ಎಂ1 ಹಿಡಿಯೋ ಭಾಗ ಮಡಿಕೆಯೊಳಗೆ ಮುಚ್ಚಿಹೋಗುತ್ತೆ. ಹೊರದಾರಿ ಬಂದ್! ಒಳಗೇ ಉಳಿದ ಯಾಪ್1 ರಕ್ಷಣೆಯ ಜೀನ್‌ಗಳನ್ನು ಚಾಲೂ ಮಾಡುತ್ತೆ. ಈ ಎರಡರಲ್ಲಿ ಒಂದು ಸಿಸ್ಟೀನ್ ಬದಲಾಯಿಸಿದರೂ ಯೀಸ್ಟ್ ಪೆರಾಕ್ಸೈಡ್‌ನ ಏಟು ತಾಳಲ್ಲ.

ಈಗ ಮಜಾ ನೋಡಿ. ಆ ಜೀನ್‌ಗಳಲ್ಲೊಂದು ಥಯೋರೆಡಾಕ್ಸಿನ್ ತಯಾರಿಸುತ್ತೆ. ಅದೇ ಕೊಂಡಿ ಬಿಡಿಸೋದು. ಯಾಪ್1 ಮತ್ತೆ ಹೊರಗೆ. ಅಂದರೆ ಅಲಾರಂ ತನ್ನನ್ನು ಆರಿಸೋ ಕೈಯನ್ನೂ ತಾನೇ ಕರೆಸಿಕೊಳ್ಳುತ್ತೆ.

ಸೋಮವಾರ ಕೂತು ನಾನೂ ನನ್ನ ಅಲರ್ಟ್‌ಗೆ ಆ ನಾಲ್ಕು ಸಾಲು ಸೇರಿಸಿದೆ.