ಹತ್ತು ಜನ ಸೇರದಿದ್ದರೆ ಸಿನಗಾಗ್‌ನಲ್ಲಿ ಪ್ರಾರ್ಥನೆ ನಡೆಯುವುದಿಲ್ಲವೇ?

ಮುಂಬೈ ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ ಬಿಟ್ಟ ಕೂಡಲೇ ಸಿಗುವ ಮೊದಲ ನಿಲ್ದಾಣದ ಹೆಸರು ಮಸ್ಜಿದ್. ಹತ್ತಿರದ ಯಾವುದೋ ಮಸೀದಿಯಿಂದ ಈ ಹೆಸರು ಬಂದಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇದು ಯಹೂದಿಗಳ ಪ್ರಾರ್ಥನಾ ಸ್ಥಳವಾದ ಒಂದು ಸಿನಗಾಗ್‌ನಿಂದ ಬಂದ ಹೆಸರು ಎನ್ನಲಾಗುತ್ತದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ಸಿನಗಾಗ್ ಅನ್ನು ‘ಮಸ್ಜಿದ್’ ಎಂದೇ ಕರೆಯುತ್ತಿದ್ದರು. ಮಲಯಾಳದಲ್ಲಿ ಮಸೀದಿ, ಚರ್ಚ್, ಸಿನಗಾಗ್ ಮೂರಕ್ಕೂ ‘ಪಳ್ಳಿ’ ಎನ್ನುವ ಹಾಗೆಯೇ ಇದು.

ಆ ಸಿನಗಾಗ್ ಕಟ್ಟಿದ್ದು 1796ರಲ್ಲಿ. ಹೆಸರು ಶಾರ್ ಹರಹಮೀಮ್, ಅಂದರೆ ‘ಕರುಣೆಯ ದ್ವಾರ’. ಕಟ್ಟಿಸಿದವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಾಮ್ಯುಯೆಲ್ ದಿವೇಕರ್. ಇಲ್ಲಿ ನಮ್ಮ ಮೈಸೂರಿನ ನಂಟೂ ಇದೆ. ಮೈಸೂರು ಯುದ್ಧದಲ್ಲಿ ದಿವೇಕರ್ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆ ಸಿಕ್ಕಿದ್ದರು, ಜೀವಂತ ಮರಳಿದರೆ ಸಿನಗಾಗ್ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದರು ಎಂದು ಆ ಸಮುದಾಯದವರು ಇಂದಿಗೂ ಹೇಳುತ್ತಾರೆ.

ಹಾಗಾದರೆ ಸಿನಗಾಗ್ ಒಳಗೆ ನಡೆಯುವುದೇನು? ಸಾಮಾನ್ಯವಾಗಿ ಕೇಳಿಬರುವ ಕೆಲವು ಪ್ರಶ್ನೆಗಳಿಗೆ ಉತ್ತರ ನೋಡೋಣ.

ಸಿನಗಾಗ್ ಯಹೂದಿಗಳ ದೇವಸ್ಥಾನವೇ?

ನಾವು ದೇವಸ್ಥಾನ ಎನ್ನುವ ಅರ್ಥದಲ್ಲಿ ಅಲ್ಲ. ಯಹೂದಿಗಳಿಗೆ ದೇವಾಲಯ ಎಂದು ಇದ್ದದ್ದು ಒಂದೇ, ಜೆರುಸಲೇಮಿನಲ್ಲಿ. ಅದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಅಲ್ಲಿಗೆ ಬಲಿ ಅರ್ಪಿಸುವ ಪದ್ಧತಿಯೂ ನಿಂತಿತು. ಆಮೇಲೆ ಧಾರ್ಮಿಕ ಬದುಕಿನ ಕೇಂದ್ರವಾದದ್ದು ಸಿನಗಾಗ್. ಸಿನಗಾಗ್ ಎಂಬ ಗ್ರೀಕ್ ಪದದ ಅರ್ಥವೇ ‘ಒಟ್ಟುಗೂಡುವಿಕೆ’. ಕನ್ನಡ ಬೈಬಲ್ ಇದನ್ನು ‘ಸಭಾಮಂದಿರ’ ಎಂದು ಕರೆದಿರುವುದು ಸರಿಯಾಗಿಯೇ ಇದೆ.

ಒಳಗೆ ವಿಗ್ರಹವಿಲ್ಲ, ದೇವರ ಚಿತ್ರವೂ ಇಲ್ಲ. ಜೆರುಸಲೇಮಿನ ದಿಕ್ಕಿಗೆ, ಅಂದರೆ ನಮ್ಮ ದೇಶದಲ್ಲಿ ಪಶ್ಚಿಮಕ್ಕೆ, ಒಂದು ಕಪಾಟು ಇರುತ್ತದೆ. ಅದರಲ್ಲಿ ಪವಿತ್ರ ಗ್ರಂಥವಾದ ತೋರಾದ ಸುರುಳಿಗಳನ್ನು ಇಟ್ಟಿರುತ್ತಾರೆ. ಹದ ಮಾಡಿದ ಚರ್ಮದ ಹಾಳೆಯ ಮೇಲೆ ಪೂರ್ತಿ ಕೈಯಲ್ಲೇ ಬರೆದ ಈ ಸುರುಳಿಯಲ್ಲಿ 3,04,805 ಅಕ್ಷರಗಳಿವೆ ಎಂಬುದು ಪರಂಪರೆಯ ಲೆಕ್ಕ. ಒಂದೇ ಒಂದು ಅಕ್ಷರ ಅಳಿಸಿಹೋದರೂ ಸರಿಪಡಿಸುವವರೆಗೆ ಆ ಸುರುಳಿಯನ್ನು ಓದಲು ಬಳಸುವಂತಿಲ್ಲ.

ಪೂಜಾರಿ ಅಥವಾ ರಬ್ಬಿ ಇರಲೇಬೇಕೇ?

ಬೇಕಿಲ್ಲ. ರಬ್ಬಿ ಎಂದರೆ ಧರ್ಮಶಾಸ್ತ್ರ ಬಲ್ಲ ಗುರು. ದೇವರಿಗೂ ಭಕ್ತರಿಗೂ ನಡುವಿನ ಮಧ್ಯವರ್ತಿ ಅಲ್ಲ. ವಿಧಿ ಗೊತ್ತಿರುವ ಸಾಮಾನ್ಯ ಸದಸ್ಯರೇ ಮುಂದೆ ನಿಂತು ಪ್ರಾರ್ಥನೆ ನಡೆಸಬಹುದು. ಭಾರತದ ಯಹೂದಿ ಸಮುದಾಯಗಳು ದೀರ್ಘಕಾಲ ರಬ್ಬಿಗಳಿಲ್ಲದೆಯೇ ನಡೆದುಬಂದಿವೆ. ಪ್ರಾರ್ಥನೆ ಹೇಳಿಕೊಡುವ ‘ಹಜ್ಜಾನ್’ ಮತ್ತು ಹಿರಿಯರೇ ಎಲ್ಲ ನಿಭಾಯಿಸುತ್ತಿದ್ದರು.

ರಬ್ಬಿ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಜನ ಇಲ್ಲದಿದ್ದರೆ ನಡೆಯುವುದಿಲ್ಲ.

ಏನಿದು ಹತ್ತು ಜನರ ಲೆಕ್ಕ?

ಯಹೂದಿಯೊಬ್ಬರು ಮನೆಯಲ್ಲಿ ಒಬ್ಬರೇ ಕೂತು ಪ್ರಾರ್ಥಿಸಬಹುದು. ಅದಕ್ಕೆ ಅಡ್ಡಿಯಿಲ್ಲ. ಆದರೆ ಕೆಲವು ಭಾಗಗಳಿಗೆ ಕನಿಷ್ಠ ಹತ್ತು ವಯಸ್ಕರು ಸೇರಲೇಬೇಕು. ಈ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ಸಂಪ್ರದಾಯಸ್ಥ ಸಿನಗಾಗ್‌ಗಳಲ್ಲಿ 13 ವರ್ಷ ದಾಟಿದ ಗಂಡಸರನ್ನು ಮಾತ್ರ ಎಣಿಸುತ್ತಾರೆ. ಸುಧಾರಣಾವಾದಿ ಸಿನಗಾಗ್‌ಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು. ಹತ್ತನೆಯವನಾಗಿ ಮೊನ್ನೆಯಷ್ಟೇ 13 ತುಂಬಿದ ಹುಡುಗ ಬಂದರೆ ಸಾಕು.

ಹತ್ತು ಜನ ಇಲ್ಲದೆ ತೋರಾ ಸುರುಳಿಯ ಸಾರ್ವಜನಿಕ ಪಠಣ ಇಲ್ಲ. ‘ಕದ್ದಿಷ್’ ಕೂಡ ಇಲ್ಲ. ತಂದೆ ತಾಯಿ ತೀರಿಕೊಂಡಾಗ ಮಕ್ಕಳು ಸುಮಾರು ಹನ್ನೊಂದು ತಿಂಗಳು ಹೇಳುವ ಪ್ರಾರ್ಥನೆ ಈ ಕದ್ದಿಷ್. ಇದರಲ್ಲಿ ಸಾವಿನ ಬಗ್ಗೆ ಒಂದು ಮಾತೂ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಇದನ್ನು ಒಬ್ಬರೇ ಹೇಳುವಂತಿಲ್ಲ. ದುಃಖದಲ್ಲಿರುವವರು ಹೇಳಬೇಕು, ಉಳಿದವರು ಕೇಳಿ ‘ಆಮೆನ್’ ಎನ್ನಬೇಕು. ಸಾವಾದ ಮೊದಲ ಏಳು ದಿನ ಮನೆಯವರು ಹೊರಗೆ ಹೋಗುವುದಿಲ್ಲ, ಆಗ ಊರಿನವರೇ ಅವರ ಮನೆಗೆ ಹೋಗಿ ಹತ್ತರ ಲೆಕ್ಕ ತುಂಬಿಸುತ್ತಾರೆ.

ಅಂದರೆ ತಾಯಿಯನ್ನು ಕಳೆದುಕೊಂಡವನು ಬಾಗಿಲು ಹಾಕಿಕೊಂಡು ಒಬ್ಬನೇ ಕೂರದಂತೆ ಈ ನಿಯಮ ನೋಡಿಕೊಳ್ಳುತ್ತದೆ. ಅಕ್ಕಪಕ್ಕದವರೂ ‘ನಾನೊಬ್ಬ ಹೋಗದಿದ್ದರೆ ಏನಾಯ್ತು’ ಎನ್ನುವಂತಿಲ್ಲ. ಆ ಒಬ್ಬನೇ ಹತ್ತನೆಯವನಾಗಿರಬಹುದು.

ಶನಿವಾರ ಫೋನ್ ಯಾಕೆ ಮುಟ್ಟುವುದಿಲ್ಲ?

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ವಿಶ್ರಾಂತಿಯ ದಿನ. ಶಾಸ್ತ್ರ 39 ಬಗೆಯ ಕೆಲಸಗಳನ್ನು ಅಂದು ನಿಷೇಧಿಸುತ್ತದೆ. ಬೆಂಕಿ ಹೊತ್ತಿಸುವುದು, ಬರೆಯುವುದು ಅವುಗಳಲ್ಲಿ ಸೇರಿವೆ. ಅದೇ ತರ್ಕದಲ್ಲಿ ಸಂಪ್ರದಾಯಸ್ಥರು ಅಂದು ವಿದ್ಯುತ್ ಸ್ವಿಚ್, ಫೋನ್, ಕಾರು ಯಾವುದನ್ನೂ ಬಳಸುವುದಿಲ್ಲ. ಕೊಂಕಣದ ಬೆನೆ ಇಸ್ರೇಲಿಗರು ಎಣ್ಣೆ ತೆಗೆಯುವ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದೇ ಜನ ಗುರುತಿಸುತ್ತಿದ್ದರು.

ಇದರಿಂದ ಇನ್ನೊಂದು ಪರಿಣಾಮವಿದೆ. ವಾಹನ ಬಳಸುವಂತಿಲ್ಲ ಎಂದ ಮೇಲೆ ಸಿನಗಾಗ್‌ಗೆ ನಡೆದೇ ಹೋಗಬೇಕು. ನಡೆದು ಹೋಗಬೇಕೆಂದರೆ ಮನೆ ಹತ್ತಿರ ಇರಬೇಕು. ಹಾಗಾಗಿ ಸಿನಗಾಗ್ ಸುತ್ತ ಯಹೂದಿಗಳ ಕೇರಿ ಬೆಳೆಯುತ್ತದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ‘ಜ್ಯೂ ಟೌನ್’ ಇದಕ್ಕೆ ಒಳ್ಳೆಯ ಉದಾಹರಣೆ.

ಜನ ಕಡಿಮೆಯಾದರೆ ಏನಾಗುತ್ತದೆ?

ಇದಕ್ಕೆ ಉತ್ತರವೂ ಅದೇ ಕೇರಿಯಲ್ಲಿದೆ. ಕೇರಿಯ ತುದಿಯಲ್ಲಿರುವ ಪರದೇಶಿ ಸಿನಗಾಗ್ 1568ರಲ್ಲಿ ಕಟ್ಟಿದ್ದು. ಚೀನಾದಿಂದ ತರಿಸಿದ ನೀಲಿ ಚಿತ್ತಾರದ ನೆಲಹಾಸಿನ ಬಿಲ್ಲೆಗಳನ್ನು ನೋಡಲು ಪ್ರವಾಸಿಗರು ಬರುತ್ತಲೇ ಇರುತ್ತಾರೆ. ಕಟ್ಟಡ ಗಟ್ಟಿಯಾಗಿದೆ, ತೋರಾ ಸುರುಳಿಗಳೂ ಇವೆ. ಇಲ್ಲದಿರುವುದು ಹತ್ತು ಜನ.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ, ಮುಖ್ಯವಾಗಿ 1950ರ ದಶಕದಲ್ಲಿ, ಕೇರಳದ ಯಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಅವರನ್ನು ಇಲ್ಲಿಂದ ಓಡಿಸಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧಾರ್ಮಿಕ ಸೆಳೆತ ಮತ್ತು ಹೊಸ ಬದುಕಿನ ಆಸೆಯಿಂದ ಅವರು ಹೊರಟರು. ಪರದೇಶಿ ಸಿನಗಾಗ್‌ನ ಕುಟುಂಬಗಳೂ ಆಮೇಲೆ ಒಂದೊಂದಾಗಿ ಕರಗಿದವು. ಈಗ ಹೊರಗಿನಿಂದ ಬಂದ ಯಹೂದಿಗಳು ಜೊತೆಗೂಡಿದರೆ ಮಾತ್ರ ಅಲ್ಲಿ ಮಿನ್ಯಾನ್ ಸಾಧ್ಯ. ಚೇಂದಮಂಗಲಂ, ಪರವೂರಿನ ಸಿನಗಾಗ್‌ಗಳು ವಸ್ತುಸಂಗ್ರಹಾಲಯಗಳಾಗಿವೆ.

ಹಾಗೆಂದು ಆ ಸಭೆ ಅಳಿದುಹೋಯಿತೇ? ಇಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯ ನೆವಾತಿಮ್ ಎಂಬ ಹಳ್ಳಿಯಲ್ಲಿ ಕೊಚ್ಚಿಯಿಂದ ಹೋದವರು ನೆಲೆಸಿ, ಊರಿನ ಮಾದರಿಯಲ್ಲೇ ಸಿನಗಾಗ್ ಕಟ್ಟಿಕೊಂಡಿದ್ದಾರೆ. ಮುಂಬೈ ಮತ್ತು ಸುತ್ತಮುತ್ತ ಬೆನೆ ಇಸ್ರೇಲ್ ಸಮುದಾಯ ಇಂದಿಗೂ ಇದೆ. ಶುಭ ಕಾರ್ಯಗಳಲ್ಲಿ ಪ್ರವಾದಿ ಎಲೀಯನನ್ನು ನೆನೆದು, ಅವಲಕ್ಕಿಗೆ ತೆಂಗಿನತುರಿ, ಸಿಹಿ ಬೆರೆಸಿ, ಹಣ್ಣಿನ ಜೊತೆ ‘ಮಲೀದಾ’ ಹಂಚುವ ಪದ್ಧತಿಯನ್ನು ಅವರು ಉಳಿಸಿಕೊಂಡಿದ್ದಾರೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ನೀಡಿತು.

ಒಟ್ಟಿನಲ್ಲಿ

ಸಿನಗಾಗ್ ಎಂದರೆ ಮೊದಲು ಸೇರುವ ಜನ, ಆಮೇಲೆ ಕಟ್ಟಡ. ಹತ್ತು ಜನ ಇಲ್ಲದಿದ್ದರೂ ಪ್ರಾರ್ಥನೆ ಪೂರ್ತಿ ನಿಲ್ಲುವುದಿಲ್ಲ, ಆದರೆ ಸುರುಳಿ ತೆರೆದು ಓದುವಂತಿಲ್ಲ, ಕದ್ದಿಷ್ ಹೇಳುವಂತಿಲ್ಲ. ಕೊಚ್ಚಿಗೆ ಹೋದಾಗ ಆ ನೀಲಿ ಬಿಲ್ಲೆಗಳ ಫೋಟೋ ಗುಂಪಿಗೆ ಕಳಿಸುವಿರಾದರೆ, ಅಲ್ಲಿ ಈಗ ಹತ್ತು ಜನ ಸಿಗುವುದು ಎಷ್ಟು ಕಷ್ಟ ಎಂಬ ಮಾತನ್ನೂ ಜೊತೆಗೆ ಬರೆದು ಕಳಿಸಿ.