ಮಳೆ ಹೋದ ಮೇಲಿನ ಹುಲ್ಲು

ಮುಂಬಯಿಯಿಂದ ಮುಂಗಾರು ಹಿಂದೆಗೆಯುವ ವಾಡಿಕೆಯ ದಿನ ಅಕ್ಟೋಬರ್ 8 ಎಂದು ಹವಾಮಾನ ಇಲಾಖೆ 2020ರಲ್ಲಿ ಗೊತ್ತುಪಡಿಸಿತು. ಆದರೆ ನಮ್ಮ ದಹಿಸರದ ನೆಲ ಪಂಚಾಂಗ ನೋಡಿ ಒಣಗುವುದಿಲ್ಲ. ತುಳಸಿ ಕೆರೆಯ ಕಡೆಯಿಂದ ಇಳಿದು ಬರುವ ದಹಿಸರ್ ನದಿಯ ಆಸುಪಾಸಿನಲ್ಲಿ ದೀಪಾವಳಿ ಕಳೆದರೂ ಬೆಳಗಿನ ಹುಲ್ಲು ತೊಯ್ದಿರುತ್ತದೆ. ಕೊರೆಯುವ ಚಳಿಯಿಲ್ಲ, ನೆಲದಲ್ಲಿ ತೇವವಿದೆ. ಗರಿಕೆಗೆ ಇನ್ನೇನು ಬೇಕು?

ಊರಿನಲ್ಲಾದರೆ ಇದು ಹಟ್ಟಿಯ ದನಕ್ಕೆ ಮೇವು. ಇಲ್ಲಿ ಕಟ್ಟಡದ ಅಂಗಳದಲ್ಲಿ ದನವಿಲ್ಲ, ಆಡುವ ಮಕ್ಕಳಿದ್ದಾರೆ. ಹಾಗೆಂದು ಬುಡದವರೆಗೆ ಬೋಳಿಸುವುದು ಜಾಣತನವಲ್ಲ. ಎಲೆ ಹೋದರೆ ಬೇರೂ ಸೊರಗುತ್ತದೆ. ಮುಂದೆ ಮೇ ತಿಂಗಳವರೆಗೆ ಮಳೆಯ ಆಸರೆ ಇಲ್ಲವೆಂದೇ ಹೇಳಬೇಕು. ಒಂದು ಸಲಕ್ಕೆ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬುದು ತೋಟಗಾರರ ಲೆಕ್ಕ.

ಇಬ್ಬನಿ ಆರುವ ತನಕ ಕಾಯೋಣ. ಒದ್ದೆ ಹುಲ್ಲು ಅಲಗಿಗೆ ಸಿಗದೆ ಬಾಗುತ್ತದೆ. ಕತ್ತರಿಸಿದ್ದು ಮುದ್ದೆಗಟ್ಟಿ ಕೆಳಗಿನದನ್ನು ಕೊಳೆಸುತ್ತದೆ. ವಿದ್ಯುತ್ ಯಂತ್ರವಾದರೆ ಆಘಾತದ ಭಯ ಬೇರೆ. ಒಣಗಿದ ತುಂಡುಗಳನ್ನು ತೆಳ್ಳಗೆ ಹರಡಿದರೆ ಅದೇ ಗೊಬ್ಬರ.

ಇನ್ನೊಂದು ಮಾತು ಮುಖ್ಯವಾದುದು. 2005ರ ಜುಲೈ 26ರ ಮಹಾಪೂರದ ಬಳಿಕ ಮುಂಬಯಿಯಲ್ಲಿ ಇಲಿಜ್ವರ ಹರಡಿದ್ದು ಹಲವರಿಗೆ ನೆನಪಿರಬಹುದು. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಗಲಿದರೆ ಸಾಕು, ರೋಗ ಒಳಹೊಗಬಹುದು. ಹುಲ್ಲು ಕೊಯ್ಯಲು ಬರುವ ಬಡವನಿಗೆ ಬೂಟು ಕೊಡಿಸುವುದು ನಮ್ಮೆಲ್ಲರ ಹೊಣೆ. ಕಾಡು ಹತ್ತಿರವಾದುದರಿಂದ ಮೊದಲು ಕೋಲಿನಿಂದ ತಟ್ಟಿ ನೋಡಲಿ. ಹಾವು ಕಂಡರೆ ಹೊಡೆಯದೆ ಅರಣ್ಯ ಇಲಾಖೆಗೆ ತಿಳಿಸೋಣ.

ಮೂಲೆಯಲ್ಲೊಂದಿಷ್ಟು ಗರಿಕೆ ಹಾಗೇ ಉಳಿಯಲಿ. ಸಂಕಷ್ಟಿಯ ದಿನ ಗಣಪನಿಗಾಗಿ ನಾವು ಮಾರುಕಟ್ಟೆಗೆ ಓಡಬೇಕಾಗಿಲ್ಲ.